ಹೆಂಚಿನಂಥ ನೆಲದಲ್ಲಿ ಜಾಯಿ ಗುಂಡಿ ತೋಡುವುದು ಹೇಗೆ

ಬುರ್ಕಿನಾ ಫಾಸೊದ ಉತ್ತರದಲ್ಲಿ ವಾಹಿಗುಯಾ ಎಂಬ ಊರಿದೆ. ಅದರ ಹತ್ತಿರದ ಹಳ್ಳಿಯೊಂದರಲ್ಲಿ ಎರಡು ಬೇಸಿಗೆ ಇದ್ದು ಈ ಕೆಲಸ ಕಲಿತೆ. ಅಲ್ಲಿನ ಮೊಸ್ಸಿ ರೈತರು ಬರಡಾಗಿ ಗಟ್ಟಿಕಟ್ಟಿದ ನೆಲಕ್ಕೆ ‘ಜಿಪೆಲೆ’ ಅನ್ನುತ್ತಾರೆ. ಅದರ ಮೇಲೆ ನಡೆದರೆ ಹೆಂಚಿನ ಮೇಲೆ ನಡೆದ ಹಾಗೆ. ಈಗೀಗ ಮಳೆ ಬಂದರೆ ಒಮ್ಮೆಲೇ ಸುರಿದು, ಆಮೇಲೆ ವಾರಗಟ್ಟಲೆ ಪತ್ತೆ ಇರುವುದಿಲ್ಲ. ಸುರಿದ ನೀರೂ ನೆಲಕ್ಕೆ ಇಳಿಯದೆ ಜಾರಿ ಹೋಗುತ್ತದೆ. ಅದನ್ನು ಹಿಡಿದು, ಅಲ್ಲೇ ಕಾಳು ಬಿತ್ತುವ ಸಣ್ಣ ಗುಂಡಿಯೇ ಜಾಯಿ.

ಮೊದಲು ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲು ಇಡಿ. ಮಟ್ಟ ನೋಡಲು ಗಾರೆಯವರು ಬಳಸುವ ನೀರಿನ ಪೈಪು ಸಾಕು. ಇದನ್ನು ಬಿಟ್ಟರೆ ಮೊದಲ ದೊಡ್ಡ ಮಳೆಗೇ ಗುಂಡಿಗಳು ಹೂತು ಹೋಗುತ್ತವೆ.

ಗುಂಡಿ ತೋಡುವುದು ಬೇಸಿಗೆಯಲ್ಲೇ. ಮಳೆ ಬರಲಿ, ನೆಲ ಮೆತ್ತಗಾಗಲಿ ಅಂತ ಕಾದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ. ಅಗಲ 30 ಸೆಂಟಿಮೀಟರ್, ಆಳ 15ರಿಂದ 20. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಮುಕ್ಕಾಲು ಮೀಟರ್‌ನಷ್ಟು ಇರಲಿ. ಒಂದು ಸಾಲಿನ ಗುಂಡಿ ಮುಂದಿನ ಸಾಲಿನ ಎರಡು ಗುಂಡಿಗಳ ನಡುವೆ ಬರಬೇಕು. ತೆಗೆದ ಮಣ್ಣನ್ನು ತಗ್ಗಿನ ಕಡೆಗೆ ಅರ್ಧಚಂದ್ರದ ಹಾಗೆ ಏರಿಸಿ. ಒಂದು ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಜಾಸ್ತಿ ಗುಂಡಿ ಬೇಕು. ಒಬ್ಬರ ಕೈಲಿ ಆಗುವ ಕೆಲಸವಲ್ಲ. ನಾಲ್ಕು ಮನೆಯವರು ಸೇರಿ ಸರದಿಯ ಮೇಲೆ ಮಾಡಿ.

ಇನ್ನು ಗೊಬ್ಬರ. ಗುಂಡಿಗೆ ಎರಡು-ಮೂರು ಬೊಗಸೆ, ಚೆನ್ನಾಗಿ ಕಳಿತದ್ದೇ ಆಗಬೇಕು. ಮೊದಲ ವರ್ಷ ನಾನು ಹಸಿ ಸಗಣಿ ತುಂಬಿದ್ದೆ. ಮೊಳಕೆ ಹಳದಿ ತಿರುಗಿ ಸುಟ್ಟೇ ಹೋಯಿತು. ಕಳಿತ ಗೊಬ್ಬರ ಹಾಕಿದ ಮೇಲೆ ಗೆದ್ದಲು ಬರುತ್ತದೆ. ದಯವಿಟ್ಟು ಔಷಧಿ ಹೊಡೆಯಬೇಡಿ. ಅಸಲಿ ಕೆಲಸ ಮಾಡುವುದು ಗೆದ್ದಲೇ. ಒಂದು ಬೆಳಿಗ್ಗೆ ನಾನಿದ್ದ ಮನೆಯ ಯಜಮಾನರು ಗುಂಡಿಯ ಗೊಬ್ಬರ ಸರಿಸಿ ತೋರಿಸಿದರು. ತಳದ ತುಂಬ ಗೆದ್ದಲು ಕೊರೆದ, ಕಡ್ಡಿ ತೂರುವಷ್ಟು ಸಣ್ಣ ತೂತುಗಳು. ಚೊಂಬಿನಿಂದ ನೀರು ಹೊಯ್ದರು. ನಿಲ್ಲಲೇ ಇಲ್ಲ, ಗುಟುಕರಿಸಿದ ಹಾಗೆ ಒಳಗೆ ಹೋಯಿತು. ಪಕ್ಕದ ಬರಿ ನೆಲಕ್ಕೆ ಹೊಯ್ದ ನೀರು ನನ್ನ ಚಪ್ಪಲಿವರೆಗೆ ಹರಿದು ಬಂತು.

ಮೊದಲ ಹದ ಮಳೆಗೆ ಗುಂಡಿಗೆ ಎಂಟು-ಹತ್ತು ಕಾಳು ಜೋಳ ಅಥವಾ ಸಜ್ಜೆ ಹಾಕಿ, ಆಮೇಲೆ ಮೂರೋ ನಾಲ್ಕೋ ಗಿಡ ಉಳಿಸಿ. ನಮ್ಮ ಜೋಳದ ಮೂಲವೂ ಆಫ್ರಿಕಾವೇ ಅಲ್ವಾ, ಎಲೆ ನೋಡಿದಾಗ ಮನೆ ನೆನಪಾಗುತ್ತಿತ್ತು. ಮರಳು ನೆಲದಲ್ಲಿ ಮಾತ್ರ ಈ ಗುಂಡಿ ನಿಲ್ಲುವುದಿಲ್ಲ, ಕುಸಿಯುತ್ತದೆ. ಮಳೆ ಜಾಸ್ತಿ ಇರುವ ಕಡೆ ನೀರು ನಿಂತು ಬೇರು ಕೊಳೆಯುತ್ತದೆ.

ಗೊಬ್ಬರದ ಜೊತೆ ಬಂದ ಮರದ ಬೀಜಗಳೂ ಮೊಳೆಯುತ್ತವೆ. ಕಳೆ ಅಂತ ಕೀಳಬೇಡಿ. ಅಲ್ಲೇ ಗೂರ್ಗಾ ಹಳ್ಳಿಯ ಯಾಕೂಬಾ ಸವಡೋಗೊ ಅವರು 1980ರ ದಶಕದ ಬರದಲ್ಲಿ ಹಳೆಯ ಜಾಯಿಯನ್ನು ಅಗಲ ಮಾಡಿ, ಗೊಬ್ಬರ ತುಂಬಿ, ಆ ಸಸಿಗಳನ್ನೂ ಕಾಪಾಡಿ ಕಾಡೇ ಬೆಳೆಸಿದರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಕೊಯ್ಲಿನಲ್ಲಿ ಜೋಳದ ದಂಟನ್ನು ಬುಡಕ್ಕೆ ಕೊಯ್ಯದೆ ಮಂಡಿಯೆತ್ತರ ಬಿಡಿ. ಅದರ ಮರೆಯಲ್ಲಿದ್ದರೆ ಸಸಿಗೆ ಆಡಿನ ಬಾಯಿ ತಾಗುವುದಿಲ್ಲ.