ಚೆಕ್‌ನಾಕಾದ ಈಚೆ, ಆಚೆ

ಮನೆಯ ಬೆಲೆಯಲ್ಲಿ ಶಾಲೆಯ ಪಾಲು ಎಷ್ಟೆಂದು ಅಳೆಯಲು ಅಮೆರಿಕದ ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ ಬಾಸ್ಟನ್ ಉಪನಗರಗಳ ಶಾಲಾ ಗಡಿಗಳನ್ನು, ಅಂದರೆ ಯಾವ ವಿಳಾಸಕ್ಕೆ ಯಾವ ಶಾಲೆ ಎಂದು ಗೊತ್ತುಮಾಡುವ ಗೆರೆಗಳನ್ನು, ಹಿಡಿದರು. ಗಡಿಯ ಎರಡು ಮಗ್ಗುಲಿನ ಮನೆಗಳನ್ನಷ್ಟೇ ಹೋಲಿಸಿದರು: ಓಣಿ ಒಂದೇ, ಶಾಲೆ ಬೇರೆ. ಪರೀಕ್ಷೆಯ ಅಂಕ ಶೇ 5ರಷ್ಟು ಹೆಚ್ಚಿದ್ದಲ್ಲಿ ಪೋಷಕರು ಮನೆಗೆ ಸುಮಾರು ಶೇ 2.5ರಷ್ಟು ಹೆಚ್ಚು ಕೊಡುತ್ತಿದ್ದರೆಂದು 1999ರಲ್ಲಿ ಬರೆದರು.

ಮುಂಬಯಿಯಲ್ಲಿ ಆ ಗಡಿಯೇ ಇಲ್ಲ. ವಿಳಾಸ ಇಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಶೇ 25 ಸೀಟುಗಳಿಗೆ. ಉಳಿದ ಮಕ್ಕಳು ಲೋಕಲ್ ಹತ್ತಿ ಎಲ್ಲಿಗೂ ಹೋಗುತ್ತಾರೆ. ಹಾಗಾಗಿ ನಾನು ಶಾಲೆಯನ್ನು ಬಿಟ್ಟು ಪಾಲಿಕೆಯ ಗಡಿಯನ್ನು ಹಿಡಿದೆ: ಮುಲುಂಡ್ ಚೆಕ್‌ನಾಕಾ. ಈಚೆ ಮುಂಬಯಿ, ಆಚೆ ಥಾಣೆ.

ಕಚ್ಚಾ ಸಾಮಗ್ರಿ ‘ಇಂಡೆಕ್ಸ್ ಟು’. ನೋಂದಣಿ ಇಲಾಖೆಯ ಜಾಲತಾಣದಲ್ಲಿ ಸಿಗುವ, ಒಂದೊಂದು ಮಾರಾಟದ ಸಾರಾಂಶವಿರುವ ಮರಾಠಿ ಹಾಳೆ. ಎರಡನೆಯ ಅಂಕಣ ‘ಮೋಬದಲಾ’, ಒಪ್ಪಂದದ ಮೊತ್ತ. ಮೂರನೆಯದು ‘ಬಾಜಾರಭಾವ್’, ರೆಡಿ ರೆಕನರ್ ಎಂಬ ದರಪಟ್ಟಿಯ ಪ್ರಕಾರ ಸರ್ಕಾರ ಕಟ್ಟಿದ ಬೆಲೆ. ಎರಡರಲ್ಲಿ ಹೆಚ್ಚಿನದರ ಮೇಲೆ ಮುದ್ರಾಂಕ ಶುಲ್ಕ. ಎರಡೂ ಒಂದಕ್ಕೊಂದು ಅಂಟಿಕೊಂಡಂತಿದ್ದರೆ ಆ ಹಾಳೆಗೆ ಗುರುತು ಹಾಕಿ ಪಕ್ಕಕ್ಕಿಡುತ್ತೇನೆ. ಕಾಗದದಲ್ಲಿ ಸರ್ಕಾರಿ ಬೆಲೆಯಷ್ಟೇ ತೋರಿಸಿ ಉಳಿದದ್ದನ್ನು ನಗದಾಗಿ ಕೊಟ್ಟಿರಬಹುದು; ಕೈಬದಲಾದ ನಗದು ಯಾವ ಅಂಕಣದಲ್ಲೂ ಇಳಿಯುವುದಿಲ್ಲ.

ದಿನಾಂಕವೂ ಎರಡು: ಒಂಬತ್ತರಲ್ಲಿ ದಸ್ತಾವೇಜು ಬರೆದುಕೊಟ್ಟದ್ದು, ಹತ್ತರಲ್ಲಿ ನೋಂದಣಿಯಾದದ್ದು. ನಾನು ನಂಬುವುದು ಒಂಬತ್ತನ್ನು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಸರ್ಕಾರ ಮುಂಬಯಿಯಲ್ಲಿ ಮುದ್ರಾಂಕ ಶುಲ್ಕವನ್ನು ಶೇ 5ರಿಂದ 2ಕ್ಕೆ ಇಳಿಸಿತ್ತು. ಡಿಸೆಂಬರ್‌ನಲ್ಲೇ ಶುಲ್ಕ ಕಟ್ಟಿ ದಸ್ತಾವೇಜು ಮಾಡಿಕೊಂಡವರಿಗೆ ನೋಂದಣಿಗೆ ನಾಲ್ಕು ತಿಂಗಳ ಅವಕಾಶವಿತ್ತು. ಹತ್ತನೆಯ ಅಂಕಣದಿಂದ ಲೆಕ್ಕ ಹಾಕಿದರೆ ಅಂಥ ಖರೀದಿಗಳು 2021ಕ್ಕೆ ಜಾರುತ್ತವೆ.

ನಿಜವಾದ ಗೋಳು ಐದನೆಯ ಅಂಕಣದ್ದು, ಕ್ಷೇತ್ರಫಲ. ಒಂದು ಹಾಳೆಯಲ್ಲಿ ಚದರಡಿ, ಇನ್ನೊಂದರಲ್ಲಿ ಚದರ ಮೀಟರ್. ಒಂದರಲ್ಲಿ ಕಾರ್ಪೆಟ್ (ಗೋಡೆಗಳ ಒಳಗಿನ ನೆಲ), ಇನ್ನೊಂದರಲ್ಲಿ ಬಿಲ್ಟಪ್ (ಗೋಡೆಗಳೂ ಸೇರಿ). ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ 2022ರಿಂದ 500 ಚದರಡಿ ಕಾರ್ಪೆಟ್‌ವರೆಗಿನ ವಾಸದ ಮನೆಗೆ ಆಸ್ತಿ ತೆರಿಗೆ ಇಲ್ಲ. ತೆರಿಗೆ ಬೆಲೆಯನ್ನು ಅಲುಗಿಸಿತೇ ಎಂದು ನೋಡಹೊರಟವನಿಗೆ ಕಾರ್ಪೆಟ್ಟೋ ಬಿಲ್ಟಪ್ಪೋ ಎಂಬುದೇ ಮೊದಲ ಪ್ರಶ್ನೆ. ಉತ್ತರ ಅನೇಕ ಸಲ ನಾಲ್ಕನೆಯ ಅಂಕಣದ ‘ಇತರ್ ಮಾಹಿತಿ’ಯಲ್ಲಿ ಅಡಗಿರುತ್ತದೆ. ಅದನ್ನು ಕಣ್ಣಿನಿಂದಲೇ ಓದಬೇಕು. ಅಲ್ಲೂ ಇಲ್ಲದ ಹಾಳೆಯನ್ನು ಅಂದಾಜಿನ ಗುಣಕ ಹಾಕಿ ಸೇರಿಸಿಕೊಳ್ಳುವುದಿಲ್ಲ; ಬಿಟ್ಟುಬಿಡುತ್ತೇನೆ.

ಮುಲುಂಡ್‌ನಲ್ಲಿ ಹೋಟೆಲು ನಡೆಸುವ ಕುಂದಾಪುರದ ಶೆಟ್ಟರನ್ನು, “ಮಕ್ಕಳ ಶಾಲೆ ನೋಡಿ ಮನೆ ತೆಗೆದುಕೊಂಡಿರಾ?” ಎಂದು ಕೇಳಿದೆ.

“ಶಾಲೆಯ ಬಸ್ಸು ಗಲ್ಲಿಯ ತುದಿಗೇ ಬರುತ್ತದೆ ಮಾರಾಯರೇ! ಆಚೆ ಕಡೆ ನೀರು ಎಷ್ಟು ಹೊತ್ತು ಬರುತ್ತದೆ, ಅದನ್ನು ಕೇಳಿ ನೋಡಿ.”

ಮುಂಬಯಿಗೆ ನೀರು ಕೊಡುವ ತಾನಸಾ, ಭಾತಸಾ ಜಲಾಶಯಗಳೆರಡೂ ಥಾಣೆ ಜಿಲ್ಲೆಯವೇ ಎಂಬುದು ಬೇರೆ ಮಾತು. ಈಗ ಗಡಿಯ ಎರಡೂ ಬದಿಯ ವಸತಿ ಸೊಸೈಟಿಗಳ ವಾರ್ಷಿಕ ಲೆಕ್ಕಪತ್ರ ಕೇಳಿ ಪಡೆದು, ಟ್ಯಾಂಕರ್ ಖರ್ಚನ್ನು ಪ್ರತಿ ಫ್ಲ್ಯಾಟಿಗೆ ಹಂಚಿ, ಬೆಲೆಯ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಕಾರ್ಯದರ್ಶಿಗಳು ಇಂಡೆಕ್ಸ್ ಟುಗಿಂತ ಈ ಲೆಕ್ಕವನ್ನು ತೋರಿಸಲು ಹೆಚ್ಚು ಹಿಂಜರಿಯುತ್ತಾರೆ.