ಬಾಸ್ ಗಾಳಕ್ಕೆ ಮೂರನೆಯ ರಾಡನ್ನು ನಾನು ಆರಿಸಿಕೊಂಡ ಬಗೆ

ಬಾಸ್ ಮೀನು ಹಿಡಿಯಲು ನನ್ನ ಬಳಿ ಎರಡು ರಾಡುಗಳು, ಅಂದರೆ ಗಾಳದ ಕೋಲುಗಳು, ಇದ್ದವು. ಒಂದು 7 ಅಡಿ ಉದ್ದದ, ಮೀಡಿಯಂ ಪವರ್ ಮತ್ತು ಫಾಸ್ಟ್ ಆ್ಯಕ್ಷನ್ ಇರುವ ಸ್ಪಿನ್ನಿಂಗ್ ರಾಡ್; ಇನ್ನೊಂದು ಅಷ್ಟೇ ಉದ್ದದ, ಮೀಡಿಯಂ ಹೆವಿ ಪವರ್ ಮತ್ತು ಫಾಸ್ಟ್ ಆ್ಯಕ್ಷನ್ ಇರುವ ಬೇಟ್‌ಕಾಸ್ಟಿಂಗ್ ರಾಡ್. ಮೊದಲನೆಯದರಲ್ಲಿ ದಾರ ಸುತ್ತುವ ರೀಲ್ ರಾಡಿನ ಕೆಳಗೆ ತೂಗುತ್ತದೆ, ಎರಡನೆಯದರಲ್ಲಿ ಮೇಲೆ ಕೂರುತ್ತದೆ; ಪವರ್ ಎಂದರೆ ರಾಡಿನ ಗಡಸುತನ, ಆ್ಯಕ್ಷನ್ ಎಂದರೆ ಅದು ಬಾಗುವ ಜಾಗ. ಬಾಸ್ ಗಾಳದಲ್ಲಿ ತೊಡಗುವವರಲ್ಲಿ ಅನೇಕರು ಇದೇ ಜೋಡಿಯಿಂದ ಆರಂಭಿಸುತ್ತಾರೆ, ಮತ್ತು ಆ ಆಯ್ಕೆ ಸರಿಯಾದದ್ದೇ. ಮೂರನೆಯದನ್ನು ಕೊಳ್ಳುವ ಸಮಯ ಬಂದಾಗ, ಮಾರುಕಟ್ಟೆಯಲ್ಲಿ ಯಾವ ರಾಡ್ ಉತ್ತಮ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಈಗಿರುವ ಎರಡು ರಾಡುಗಳು ಯಾವ ಕೆಲಸವನ್ನು ಹೇಗೋ ಹೊಂದಿಸಿಕೊಂಡು ಮಾಡುತ್ತಿವೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕೆಂದು ನಿರ್ಧರಿಸಿದೆ. ಹೊಸ ರಾಡಿಗೆ ಅದರದೇ ಆದ ಕೆಲಸವೊಂದು ಕಾದಿರದಿದ್ದರೆ, ಅದು ಎಷ್ಟೇ ಒಳ್ಳೆಯದಾದರೂ ಹಳೆಯ ರಾಡುಗಳ ನಕಲಾಗಿ ಮೂಲೆ ಸೇರುತ್ತದೆ.

ಹುಡುಕಾಟವನ್ನು ಲೂರುಗಳ, ಅಂದರೆ ಕೃತಕ ಎರೆಗಳ, ಪೆಟ್ಟಿಗೆಯಿಂದ ಆರಂಭಿಸಿದೆ. ಒಂದೊಂದು ಲೂರನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ತೂಕವನ್ನು ಬರೆದುಕೊಂಡೆ. ರಾಡಿನ ಹಿಡಿಕೆಯ ಮೇಲ್ಗಡೆ ಅಚ್ಚಾಗಿರುವ ಲೂರಿನ ತೂಕದ ಮಿತಿ ಸಾಮಾನ್ಯವಾಗಿ ಔನ್ಸ್ ಲೆಕ್ಕದಲ್ಲಿರುತ್ತದೆ; ಒಂದು ಔನ್ಸ್ ಎಂದರೆ ಸುಮಾರು 28.35 ಗ್ರಾಂ. ನನ್ನ ಸ್ಪಿನ್ನಿಂಗ್ ರಾಡಿನ ಮಿತಿ 1/8ರಿಂದ 1/2 ಔನ್ಸ್, ಅಂದರೆ ಸುಮಾರು 3.5ರಿಂದ 14 ಗ್ರಾಂ. ಬೇಟ್‌ಕಾಸ್ಟಿಂಗ್ ರಾಡಿನದು 3/8ರಿಂದ 1 ಔನ್ಸ್, ಅಂದರೆ ಸುಮಾರು 10.6ರಿಂದ 28 ಗ್ರಾಂ. ತೂಗಿ ನೋಡುವುದಕ್ಕೆ ಬಲವಾದ ಕಾರಣವಿದೆ. ಜಿಗ್ ಎಂದರೆ ಲೋಹದ ತಲೆಯುಳ್ಳ ಕೊಕ್ಕೆ. ಜಿಗ್‌ನ ಪೊಟ್ಟಣದ ಮೇಲೆ ಬರೆದಿರುವುದು ಅದರ ಲೋಹದ ತಲೆಯ ತೂಕ ಮಾತ್ರ. ಅದಕ್ಕೆ ಪ್ಲಾಸ್ಟಿಕ್ ಬಾಲವನ್ನು ಸಿಕ್ಕಿಸಿದ ಮೇಲೆ ಒಟ್ಟು ತೂಕ ಗಣನೀಯವಾಗಿ ಏರುತ್ತದೆ. ಹಾಗೆಯೇ ಉಪ್ಪು ಬೆರೆಸಿ ಮಾಡಿದ 5 ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳು, ಸೀಸವನ್ನೇನೂ ಸೇರಿಸದೆಯೂ, ಹತ್ತು ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ. ಕಣ್ಣಳತೆಯಿಂದ ಇವು ತಿಳಿಯುವುದಿಲ್ಲ.

ತೂಕದ ಪಟ್ಟಿ ಸಿದ್ಧವಾದಾಗ ಅದರಲ್ಲಿ ಎಲ್ಲಿಯೂ ಖಾಲಿ ಜಾಗ ಕಾಣಲಿಲ್ಲ. 3.5 ಗ್ರಾಂನಿಂದ 28 ಗ್ರಾಂವರೆಗೆ ಎರಡು ರಾಡುಗಳು ಸೇರಿ ಎಲ್ಲವನ್ನೂ ಎಸೆಯಬಲ್ಲವಾಗಿದ್ದವು, ನಡುವಿನ ಸ್ವಲ್ಪ ಭಾಗ ಎರಡರ ಮಿತಿಯೊಳಗೂ ಬರುತ್ತಿತ್ತು. ಪವರ್ ಒಂದನ್ನೇ ನೋಡುವವರು ಈ ಹಂತದಲ್ಲಿ, ಇದಕ್ಕಿಂತ ಬಲವಾದದ್ದೊಂದು ಅಥವಾ ಇದಕ್ಕಿಂತ ನಾಜೂಕಾದದ್ದೊಂದು ಎಂದು ಪಟ್ಟಿಯ ತುದಿಗಳತ್ತ ಹೋಗುತ್ತಾರೆ. ನಾನು ಅದೇ ಲೂರುಗಳನ್ನು ಮೇಜಿನ ಮೇಲೆ ಹರಡಿ, ಈ ಬಾರಿ ಕೊಕ್ಕೆಯ ಸ್ವರೂಪಕ್ಕೆ ತಕ್ಕಂತೆ ಮತ್ತೊಮ್ಮೆ ವಿಂಗಡಿಸಿದೆ. ಡ್ರಾಪ್ ಶಾಟ್ (ಕೊಕ್ಕೆಯ ಕೆಳಗೆ ತೂಕ ಕಟ್ಟುವ ವಿಧಾನ), ಸಣ್ಣ ಜಿಗ್ ಹೆಡ್ ಮುಂತಾದ ತೆಳು ತಂತಿಯ ಒಂಟಿ ಕೊಕ್ಕೆಯವು ಒಂದು ಗುಂಪಾದವು. ಟೆಕ್ಸಾಸ್ ರಿಗ್ (ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನೊಳಗೆ ಅಡಗಿಸುವ ವಿಧಾನ), ದೊಡ್ಡ ಜಿಗ್, ಸ್ಪಿನ್ನರ್‌ಬೇಟ್‌ನಂತಹ ದಪ್ಪ ತಂತಿಯ ಒಂಟಿ ಕೊಕ್ಕೆಯವು ಎರಡನೆಯ ಗುಂಪಾದವು. ಮೂರು ಮೊನೆಯ ಟ್ರೆಬಲ್ ಕೊಕ್ಕೆಗಳನ್ನು ಹೊತ್ತ, ಎಳೆದಾಗ ಅಲುಗಾಡುತ್ತ ಈಜುವ ಮೀನಿನಾಕಾರದ ಕ್ರ್ಯಾಂಕ್‌ಬೇಟ್‌ಗಳು ಮೂರನೆಯ ಗುಂಪಾದವು. ಮೊದಲ ಗುಂಪಿಗೆ ಸ್ಪಿನ್ನಿಂಗ್ ರಾಡ್ ಇತ್ತು, ಎರಡನೆಯದಕ್ಕೆ ಬೇಟ್‌ಕಾಸ್ಟಿಂಗ್ ರಾಡ್ ಇತ್ತು. ಮೂರನೆಯ ಗುಂಪಿಗೆ ತನ್ನದೆನ್ನುವ ರಾಡ್ ಇರಲಿಲ್ಲ.

ನೀರಿನಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತಿತ್ತು. ಮೀಡಿಯಂ ಹೆವಿ ರಾಡಿನಲ್ಲಿ ಕ್ರ್ಯಾಂಕ್‌ಬೇಟ್ ಚೆನ್ನಾಗಿಯೇ ದೂರ ಹೋಗುತ್ತಿತ್ತು, ಬಾಸ್ ಕಚ್ಚುತ್ತಲೂ ಇತ್ತು. ಆದರೆ ಹತ್ತಿರ ಬಂದ ಮೀನು ಮೇಲೆ ಹಾರಿ ತಲೆ ಒದರಿದಾಗ ಲೂರ್ ಕಳಚಿ ಬೀಳುವುದು ಜಿಗ್‌ಗೆ ಹೋಲಿಸಿದರೆ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಕಾರಣವನ್ನು ರಾಡು ಬಾಗುವ ಜಾಗದಲ್ಲಿ ಹುಡುಕಬೇಕು. ರಾಡನ್ನು ಬಾಗಿಸಲು ಎಷ್ಟು ಬಲ ಬೇಕು ಎಂಬುದನ್ನು ಪವರ್ ತಿಳಿಸುತ್ತದೆ. ಬಾಗು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಆ್ಯಕ್ಷನ್ ತಿಳಿಸುತ್ತದೆ. ಫಾಸ್ಟ್ ಆ್ಯಕ್ಷನ್ ರಾಡು ಮುಖ್ಯವಾಗಿ ತುದಿಯ ಕಡೆಯ ಮೂರನೇ ಒಂದು ಭಾಗದಲ್ಲಿ ಬಾಗಿ, ಅಲ್ಲಿಂದ ಕೆಳಗೆ ಬಿಗಿಯಾಗಿ ನಿಲ್ಲುತ್ತದೆ. ಪ್ಲಾಸ್ಟಿಕ್ ಹುಳುವನ್ನು ತೂರಿಕೊಂಡು ದಪ್ಪ ಕೊಕ್ಕೆಯೊಂದು ಮೀನಿನ ಗಟ್ಟಿ ದವಡೆಗೆ ಇಳಿಯಬೇಕಾದರೆ ಆ ಬಿಗಿತ ಬೇಕೇ ಬೇಕು. ಟ್ರೆಬಲ್ ಕೊಕ್ಕೆಯ ತಂತಿಯಾದರೋ ತೆಳುವಾದದ್ದು, ಮೊನೆಗಳು ಚಿಕ್ಕವು. ಹಲವು ವೇಳೆ ಅವು ತುಟಿಯಂಚಿನ ಚರ್ಮದಲ್ಲಷ್ಟೇ ಸಿಕ್ಕಿಕೊಂಡಿರುತ್ತವೆ. ಅಲ್ಲಿಗೆ ಬಿಗಿಯಾದ ರಾಡಿನ ಪೂರ್ತಿ ಬಲ ಒಮ್ಮೆಲೇ ತಲುಪಿದರೆ ಕೊಕ್ಕೆ ಹೊಕ್ಕ ರಂಧ್ರ ಹರಿದು ಅಗಲವಾಗುತ್ತದೆ, ಮರುಕ್ಷಣ ಮೀನು ತಲೆ ತಿರುಗಿಸಿದಾಗ ದಾರ ಒಂದಿಷ್ಟು ಸಡಿಲವಾದರೂ ಕೊಕ್ಕೆ ಜಾರುತ್ತದೆ. ಮಾಡರೇಟ್ ಆ್ಯಕ್ಷನ್ ರಾಡು ನಡುಭಾಗದವರೆಗೂ ಬಾಗುವುದರಿಂದ ಮೀನಿನ ಪ್ರತಿಯೊಂದು ಎಳೆತಕ್ಕೂ ಮಣಿಯುತ್ತದೆ, ಎಳೆತ ನಿಂತ ಕೂಡಲೇ ಹಿಂದಕ್ಕೆ ಸರಿದು ದಾರವನ್ನು ಬಿಗಿಯಾಗಿಯೇ ಇಡುತ್ತದೆ.

ಮೀನಿನ ತೂಕದ ಬಗ್ಗೆಯೂ ಒಂದು ಮಾತನ್ನು ಹೇಳಬೇಕು, ಏಕೆಂದರೆ ರಾಡನ್ನು ಆರಿಸುವಾಗ ದೊಡ್ಡ ಮೀನು ಬಂದರೇನು ಎಂಬ ಯೋಚನೆ ಬಹಳ ಜನರನ್ನು ಅಗತ್ಯಕ್ಕಿಂತ ಗಡುಸಾದ ರಾಡಿನತ್ತ ತಳ್ಳುತ್ತದೆ. ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆಯನ್ನು ಇಬ್ಬರು ಹಂಚಿಕೊಂಡಿದ್ದಾರೆ: 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ, ಮತ್ತು 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ. ಆ ಎರಡು ಮೀನುಗಳೂ ತೂಗಿದ್ದು ಸುಮಾರು 10.1 ಕಿಲೋ. ಈ ಜಾತಿಯ ಪರಮಾವಧಿಯೇ ಅಷ್ಟಿರುವಾಗ, ನಾವು ದಿನನಿತ್ಯ ಹಿಡಿಯುವ ಮೀನಿಗೆ ಯಾವ ಪವರ್ ಆದರೂ ಸಾಕು. ಪವರ್ ನಿಜವಾಗಿ ಬೇಕಾಗುವುದು ಲೂರಿನ ತೂಕಕ್ಕೆ, ಕೊಕ್ಕೆಯ ದಪ್ಪಕ್ಕೆ, ಮತ್ತು ಮೀನನ್ನು ಎಂತಹ ಜೊಂಡು ಕೊಂಬೆಗಳ ನಡುವಿನಿಂದ ಹೊರಗೆಳೆಯಬೇಕು ಎಂಬುದಕ್ಕೆ.

ಬೇರೆ ಎರಡು ದಾರಿಗಳನ್ನೂ ತೂಗಿ ನೋಡಿದ್ದೆ. ನೀರಿನ ಮೇಲ್ಮೈಯನ್ನು ಮುಚ್ಚಿದ ಕಳೆಯ ಮೇಲೆ ಕಪ್ಪೆಯಾಕಾರದ ಲೂರನ್ನು ಎಳೆಯಲು 50 ಅಥವಾ 65 ಪೌಂಡ್‌ನ ಹೆಣೆದ ಬ್ರೇಡ್ ದಾರದೊಂದಿಗೆ ಹೆವಿ ಪವರ್ ರಾಡ್ ಬೇಕು. ನಾನು ಹೋಗುವ ನೀರಿನಲ್ಲಿ ಅಂತಹ ಕಳೆ ವಿರಳ. ಮೀಡಿಯಂ ಲೈಟ್ ಸ್ಪಿನ್ನಿಂಗ್ ರಾಡ್ ಇದ್ದರೆ ಹಗುರವಾದ ಲೂರುಗಳು ಇನ್ನಷ್ಟು ಸಲೀಸಾಗಿ ಹೋಗುತ್ತವೆ, ಆದರೆ ಆ ಕೆಲಸವನ್ನು ಈಗಿನ ಸ್ಪಿನ್ನಿಂಗ್ ರಾಡ್ ತೃಪ್ತಿಕರವಾಗಿಯೇ ಮಾಡುತ್ತಿದೆ. ಎರಡನ್ನೂ ಬಿಟ್ಟೆ.

ಹೀಗೆ ಬೇಕಾದದ್ದು ಮಾಡರೇಟ್ ಆ್ಯಕ್ಷನ್‌ನ, ಮೀಡಿಯಂ ಪವರ್‌ನ, 1/4ರಿಂದ 3/4 ಔನ್ಸ್ ಎಸೆಯುವ ಬೇಟ್‌ಕಾಸ್ಟಿಂಗ್ ರಾಡ್ ಎಂದು ಗೊತ್ತಾದ ಮೇಲೆ ಉಳಿದದ್ದು ಅದು ಯಾವ ವಸ್ತುವಿನದ್ದಾಗಿರಬೇಕು ಎಂಬ ಪ್ರಶ್ನೆ. ಇಲ್ಲಿ ನಾನು ಹೆಚ್ಚು ಸಮಯ ಕಳೆದೆ, ಏಕೆಂದರೆ ಹಣ ವ್ಯರ್ಥವಾಗುವುದೂ ಸದುಪಯೋಗವಾಗುವುದೂ ಇಲ್ಲಿಯೇ. ರಾಡುಗಳನ್ನು ಕಾರ್ಬನ್ ನಾರಿನಿಂದ, ಗಾಜಿನ ನಾರಿನಿಂದ, ಅಥವಾ ಎರಡನ್ನೂ ಬೆರೆಸಿ ಮಾಡುತ್ತಾರೆ. ಸಾಮಾನ್ಯ ಕಾರ್ಬನ್ ನಾರಿನ ಬಿಗಿತ ಸುಮಾರು 230 ಗಿಗಾಪಾಸ್ಕಲ್, ಸಾಂದ್ರತೆ (ನೀರಿನದು 1) 1.8ರ ಆಸುಪಾಸು, ಇ-ಗ್ಲಾಸ್ ಎಂಬ ಗಾಜಿನ ನಾರಿನ ಬಿಗಿತ ಸುಮಾರು 72 ಗಿಗಾಪಾಸ್ಕಲ್, ಸಾಂದ್ರತೆ 2.5ಕ್ಕೂ ಹೆಚ್ಚು. ಅಂದರೆ ಗಾಜಿನ ರಾಡಿಗೆ ಅಷ್ಟೇ ಪವರ್ ಬರಬೇಕಾದರೆ ಹೆಚ್ಚು ವಸ್ತು ಬೇಕು, ಆ ವಸ್ತು ಭಾರವೂ ಹೌದು. ಪೂರ್ಣ ಗಾಜಿನ ರಾಡು ಕ್ರ್ಯಾಂಕ್‌ಬೇಟ್‌ಗೆ ಇಂದಿಗೂ ಬಹಳ ಜನರ ಮೆಚ್ಚಿನದಾಗಿರುವುದು ಅದರ ನಿಧಾನವಾದ, ಆಳವಾದ ಬಾಗಿನಿಂದಾಗಿ. ಆದರೆ ಎಸೆದಾದ ಮೇಲೆ ಅದರ ತುದಿ ಅಲುಗಾಡುತ್ತಲೇ ಇರುತ್ತದೆ, ದಿನವಿಡೀ ಹಿಡಿದರೆ ಮಣಿಕಟ್ಟು ಸೋಲುತ್ತದೆ, ತಳದ ಕಲ್ಲಿಗೂ ಕೊಂಬೆಗೂ ಇರುವ ವ್ಯತ್ಯಾಸ ಕೈಗೆ ಮಂಕಾಗಿ ತಲುಪುತ್ತದೆ. ಎರಡೂ ನಾರುಗಳು ಬೆರೆತ ಕಾಂಪೋಸಿಟ್ ರಾಡನ್ನು ನಾನು ಆರಿಸಿದ್ದು ಈ ಕಾರಣಕ್ಕೆ.

ಈ ಸಂದರ್ಭದಲ್ಲಿ ಐಎಂ6, ಐಎಂ7 ಎಂದು ರಾಡಿನ ಮೇಲೆ ಬರೆದಿರುವುದನ್ನು ನೋಡಿ ಬೆಲೆ ತೂಗುವವರಿಗೆ ಹೇಳಬೇಕಾದದ್ದಿದೆ. ಅವು ಹೆಕ್ಸೆಲ್ ಸಂಸ್ಥೆಯ ಕಾರ್ಬನ್ ನಾರುಗಳ ಹೆಸರುಗಳು. ಎಲ್ಲ ತಯಾರಕರೂ ಒಪ್ಪಿಕೊಂಡ ಗುಣಮಟ್ಟದ ಅಳತೆಗೋಲು ಅಲ್ಲ. ಒಬ್ಬ ತಯಾರಕರ ರಾಡುಗಳನ್ನು ತಮ್ಮತಮ್ಮೊಳಗೆ ಹೋಲಿಸಲು ಅವು ನೆರವಾಗಬಹುದು, ಬೇರೆ ಬೇರೆ ತಯಾರಕರ ರಾಡುಗಳನ್ನು ಹೋಲಿಸಲು ಆಗುವುದಿಲ್ಲ. ಅಲ್ಲದೆ ನಾರಿನ ಬಿಗಿತ ಏರಿದಂತೆ ರಾಡಿನ ಗೋಡೆಯನ್ನು ತೆಳುವಾಗಿಸುತ್ತಾರೆ, ಆಗ ಪೆಟ್ಟು ತಾಳುವ ಗುಣ ಕಡಿಮೆಯಾಗುತ್ತದೆ. ಕ್ರ್ಯಾಂಕ್‌ಬೇಟ್ ರಾಡಿಗೆ ಅತಿ ಬಿಗಿಯಾದ ನಾರಿಗೆಂದು ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಉದ್ದವನ್ನು 7 ಅಡಿ 2 ಇಂಚಿಗೆ ನಿಲ್ಲಿಸಿದೆ. ಇಪ್ಪತ್ತು ಅಡಿ ಆಳಕ್ಕೆ ಇಳಿಯುವ ದೊಡ್ಡ ತುಟಿಯ (ಲೂರನ್ನು ಆಳಕ್ಕಿಳಿಸುವ ಮುಂಭಾಗದ ಹಲಗೆಯ) ಕ್ರ್ಯಾಂಕ್‌ಬೇಟ್‌ಗಳಿಗೆ ಏಳೂವರೆ ಅಡಿಗಿಂತ ಉದ್ದದ ರಾಡ್ ಬೇಕಾಗುತ್ತದೆ, ಏಕೆಂದರೆ ಅವುಗಳ ಎಸೆತ ದೂರ ಹೋದಷ್ಟೂ ಗರಿಷ್ಠ ಆಳದಲ್ಲಿ ಸಾಗುವ ಹಾದಿ ಉದ್ದವಾಗುತ್ತದೆ. ನನ್ನ ಪೆಟ್ಟಿಗೆಯಲ್ಲಿರುವ ಹೆಚ್ಚಿನವು 4ರಿಂದ 10 ಅಡಿ ಆಳದಲ್ಲಿ ಈಜುವಂತಹವು. ಕೊಂಬೆಗಳ ನಡುವೆ ಗುರಿಯಿಟ್ಟು ಎಸೆಯಲು ತೀರಾ ಉದ್ದದ ರಾಡು ತೊಡಕಾಗುತ್ತದೆ.

ರೀಲ್ ಹೊಸದಾಗಿ ಬೇಕಾಗಲಿಲ್ಲ, ಮತ್ತು ಇರುವ ಸಾಮಗ್ರಿಗೆ ಪೂರಕವಾಗುವುದೆಂದರೆ ಇದೂ ಸೇರುತ್ತದೆ. 7.5:1 ಗೇರ್ ಅನುಪಾತದ ರೀಲ್ ಜಿಗ್‌ನ ರಾಡಿನಲ್ಲಿತ್ತು, ಹಳೆಯ 6.3:1 ರೀಲ್ ಸುಮ್ಮನೆ ಕುಳಿತಿತ್ತು. ಸ್ಪೂಲಿನ, ಅಂದರೆ ದಾರ ಸುತ್ತುವ ಉರುಳೆಯ, ವ್ಯಾಸ 33 ಮಿಲಿಮೀಟರ್ ಎಂದಿಟ್ಟುಕೊಂಡರೆ, ದಾರ ತುಂಬಿರುವಾಗ ಹಿಡಿಯ ಒಂದು ಸುತ್ತಿಗೆ ಮೊದಲನೆಯದು ಸುಮಾರು 78 ಸೆಂಟಿಮೀಟರ್ ದಾರವನ್ನೂ ಎರಡನೆಯದು ಸುಮಾರು 65 ಸೆಂಟಿಮೀಟರನ್ನೂ ಎಳೆಯುತ್ತದೆ. ನೀರನ್ನು ತಳ್ಳಿಕೊಂಡು ಬರುವ ಕ್ರ್ಯಾಂಕ್‌ಬೇಟ್‌ಗೆ ನಿಧಾನದ ರೀಲೇ ಹಿತ. ಕೈಗೆ ಬೀಳುವ ಭಾರ ಕಡಿಮೆ, ವೇಗವನ್ನು ಹದದಲ್ಲಿಡುವುದೂ ಸುಲಭ. ದಾರವಾಗಿ 12 ಪೌಂಡ್‌ನ ಫ್ಲೋರೋಕಾರ್ಬನ್ ಸುತ್ತಿದೆ. ಅದರ ಸಾಂದ್ರತೆ ಸುಮಾರು 1.78 ಇರುವುದರಿಂದ ನೀರಿನಲ್ಲಿ ಮುಳುಗುತ್ತದೆ. ಪಾಲಿಎಥಿಲೀನ್‌ನ ಬ್ರೇಡ್ ತೇಲುತ್ತದೆ, ಮತ್ತು ಹಿಗ್ಗುವುದು ಅತ್ಯಲ್ಪವಾದ್ದರಿಂದ ಮಾಡರೇಟ್ ರಾಡಿನಿಂದ ಗಳಿಸಿದ ಮೃದುತ್ವದ ಒಂದು ಪಾಲನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತದೆ.

ಅಂಗಡಿಗೆ ಹೋಗುವಾಗ ಆ ಹಳೆಯ ರೀಲನ್ನೂ ಮೀಡಿಯಂ ಹೆವಿ ರಾಡನ್ನೂ ಜೊತೆಗೆ ಒಯ್ದೆ. ರೀಲನ್ನು ಹೊಸ ರಾಡಿಗೆ ಕಟ್ಟಿ, ಹಿಡಿಕೆಯ ಕೆಳಗೆ ಬೆರಳಿಗೆ ಆನಿಕೆಯಾಗಿರುವ ಟ್ರಿಗರ್‌ನ ಮುಂದೆ ಒಂದು ಬೆರಳನ್ನಿಟ್ಟು ಸಮತೋಲವನ್ನು ನೋಡಿದೆ. ತುದಿ ಸ್ವಲ್ಪ ಕೆಳಗೆ ವಾಲಿತು. ಜಿಗ್‌ನ ರಾಡಾಗಿದ್ದರೆ ಇದನ್ನು ನಾನು ತಿರಸ್ಕರಿಸುತ್ತಿದ್ದೆ, ಏಕೆಂದರೆ ಜಿಗ್ ಆಡಿಸುವಾಗ ತುದಿಯನ್ನು ಬಹಳ ಹೊತ್ತು ಮೇಲಕ್ಕೆತ್ತಿ ಹಿಡಿಯಬೇಕು. ಕ್ರ್ಯಾಂಕ್‌ಬೇಟ್ ಎಳೆಯುವಾಗ ತುದಿ ನೀರಿನತ್ತ ತಗ್ಗಿಯೇ ಇರುತ್ತದೆ, ಆದ್ದರಿಂದ ಆ ವಾಲಿಕೆಯನ್ನು ಒಪ್ಪಿಕೊಳ್ಳಬಹುದಾಗಿತ್ತು. ಬಳಿಕ ಎರಡೂ ರಾಡುಗಳ ಗೈಡುಗಳಲ್ಲಿ ದಾರ ಹಾಯಿಸಿ, ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಕಟ್ಟಿ, ನಿಧಾನವಾಗಿ ಎತ್ತಿ ಪಕ್ಕಪಕ್ಕದಲ್ಲಿ ಹಿಡಿದು ನೋಡಿದೆ. ಹಳೆಯದರ ಬಾಗು ಮೇಲಿನ ಗೈಡುಗಳ ಬಳಿಯೇ ಮುಗಿದಿತ್ತು. ಹೊಸದರ ಬಾಗು ನಡುವಿನ ಗೈಡನ್ನು ದಾಟಿ ಇಳಿದಿತ್ತು. ಒಂದು ಕಂಪನಿ ಮಾಡರೇಟ್ ಎನ್ನುವುದನ್ನೇ ಇನ್ನೊಂದು ಮಾಡರೇಟ್ ಫಾಸ್ಟ್ ಎನ್ನುವುದುಂಟು. ಬಾಟಲಿ ಕಟ್ಟಿ ನೋಡಿದರೆ ಆ ಗೊಂದಲ ಉಳಿಯುವುದಿಲ್ಲ. ಕೊನೆಗೆ ಪ್ರತಿ ಗೈಡಿನ ಉಂಗುರದೊಳಗೂ ಹತ್ತಿಯ ಎಳೆಯೊಂದನ್ನು ಎಳೆದೆ. ಎಲ್ಲಿಯಾದರೂ ಬಿರುಕಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ, ಅದೇ ಬಿರುಕು ಮುಂದೆ ದಾರವನ್ನು ಕತ್ತರಿಸುತ್ತದೆ.

ಹೊಸ ರಾಡು ಕೈಗೆ ಬಂದ ಮೇಲೆ ಕೈಯ ಚಲನೆಯನ್ನೂ ಅದಕ್ಕೆ ಹೊಂದಿಸಬೇಕಾಯಿತು. ಎಸೆಯುವಾಗ ಮಣಿಕಟ್ಟನ್ನು ಝಾಡಿಸದೆ, ಲೂರಿನ ಭಾರ ರಾಡನ್ನು ಪೂರ್ತಿ ಬಾಗಿಸುವವರೆಗೆ ತಾಳಿ, ಬಳಿಕ ಮುಂದಕ್ಕೆ ಬೀಸಬೇಕು. ಮೀನು ಕಚ್ಚಿದಾಗ ರಾಡನ್ನು ಜಗ್ಗುವ ಅಗತ್ಯವಿಲ್ಲ. ಸುತ್ತುವುದನ್ನು ನಿಲ್ಲಿಸದೆ ರಾಡನ್ನು ಪಕ್ಕಕ್ಕೆ ಎಳೆದರೆ ಕೊಕ್ಕೆಗಳು ತಾವಾಗಿ ನೆಡುತ್ತವೆ. ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಎಷ್ಟು ಬಲದಿಂದ ಎಳೆದರೆ ರೀಲ್ ದಾರ ಬಿಡಬೇಕು ಎಂಬುದನ್ನು, ದಾರದ ಬಲದ ಕಾಲುಭಾಗಕ್ಕೆ, ಅಂದರೆ ಸುಮಾರು 3 ಪೌಂಡ್‌ಗೆ ಹೊಂದಿಸಿದ್ದೇನೆ. ಕ್ರ್ಯಾಂಕ್‌ಬೇಟ್ ಕಚ್ಚಿದ ಬಾಸ್ ಈಗ ಹಾರಿದಾಗಲೂ ರಾಡಿನ ಬಾಗು ಮಾಯವಾಗುವುದಿಲ್ಲ, ಕಳಚಿ ಬೀಳುವ ಲೂರುಗಳು ಸ್ಪಷ್ಟವಾಗಿ ಕಡಿಮೆಯಾಗಿವೆ. ಇನ್ನೊಂದು ಉಪಯೋಗವೂ ಕಂಡಿತು: ಬ್ಲೇಡ್ ಇರುವ ಜಿಗ್‌ಗೆ ಒಂಟಿ ಕೊಕ್ಕೆಯೇ ಇದ್ದರೂ, ಸಮವೇಗದಲ್ಲಿ ಎಳೆಯುವ ಲೂರ್ ಆದ್ದರಿಂದ ಅದು ಈ ರಾಡಿನಲ್ಲಿ ಚೆನ್ನಾಗಿ ನಡೆಯುತ್ತದೆ.

ತುಟಿಯಿಲ್ಲದ ಕ್ರ್ಯಾಂಕ್‌ಬೇಟನ್ನು ಮಾತ್ರ, ಟ್ರೆಬಲ್ ಕೊಕ್ಕೆಗಳಿದ್ದರೂ, ನೀರೊಳಗಿನ ಹುಲ್ಲಿರುವ ಕಡೆ ಹಳೆಯ ಮೀಡಿಯಂ ಹೆವಿ ರಾಡಿನಲ್ಲೇ ಉಳಿಸಿಕೊಂಡಿದ್ದೇನೆ. ಹುಲ್ಲಿಗೆ ಸಿಕ್ಕ ಲೂರನ್ನು ಥಟ್ಟನೆ ಕಿತ್ತು ಬಿಡಿಸಿದ ಕ್ಷಣದಲ್ಲೇ ಬಾಸ್ ಬಂದು ಕಚ್ಚುವುದು ಹೆಚ್ಚು. ಮೃದುವಾದ ರಾಡು ಆ ಕೀಳುವಿಕೆಯ ಬಲವನ್ನೆಲ್ಲ ತಾನೇ ನುಂಗಿಬಿಡುತ್ತದೆ. 7 ಗ್ರಾಂಗಿಂತ ಹಗುರವಾದ ಪುಟ್ಟ ಕ್ರ್ಯಾಂಕ್‌ಬೇಟ್‌ಗಳು ಹೊಸ ರಾಡನ್ನು ಬಾಗಿಸಲಾರವು, ಅವು ಸ್ಪಿನ್ನಿಂಗ್ ರಾಡಿನ ಪಾಲಿಗೇ ಇವೆ.