ಉತ್ತರ ಮೊದಲೇ ಕೊಡ್ತೇನೆ: ಬೀಜಗಣಿತ ಕ್ಲಾಸಿಗೆ ನಾನು ಹಾಕಿಕೊಂಡ ನಿಯಮಗಳು

ಹೋಮ್‌ವರ್ಕ್ ಕೊಡುವಾಗಲೇ ಉತ್ತರವನ್ನೂ ಬೋರ್ಡಿನ ಮೂಲೆಯಲ್ಲಿ ಬರೆದುಬಿಡುತ್ತೇನೆ ಎಂದಾಗ ಸ್ಟಾಫ್‌ರೂಮಿನಲ್ಲಿ ನಕ್ಕವರೇ ಜಾಸ್ತಿ. "ಹಾಗಾದ್ರೆ ಮಕ್ಕಳಿಗೆ ಉಳಿಯೋದೇನು ಮೇಡಂ? ಲೆಕ್ಕಾನೂ ನೀವೇ ಮಾಡಿಕೊಡಿ" ಎಂದರು ಒಬ್ಬರು. ಈಗ ಅವರೇ ವಿಜ್ಞಾನದ ಲೆಕ್ಕಗಳಿಗೆ ಹಾಗೆ ಮಾಡುತ್ತಿದ್ದಾರೆ. ಮುಂಬೈಯಲ್ಲಿ ಕನ್ನಡ ಮಾಧ್ಯಮದ ಒಂಬತ್ತು, ಹತ್ತನೇ ತರಗತಿಗೆ ಗಣಿತ ಭಾಗ 1, ಅಂದರೆ ಬೀಜಗಣಿತ, ತೆಗೆದುಕೊಳ್ಳುವವರು ಇನ್ನೂ ಕೆಲವರಾದರೂ ಇದ್ದೀರಿ. ನಿಮಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ. ಪಾಠ ಹೇಗೆ ಮಾಡಬೇಕು ಅಂತ ಹೇಳಲು ಹೋಗುವುದಿಲ್ಲ, ಅದು ನಿಮಗೆ ಗೊತ್ತಿರುವುದೇ. ಇದು ಬರೀ ಕ್ಲಾಸಿನ ಕಟ್ಟುಪಾಡಿನ ವಿಷಯ.

ನಮ್ಮ ಮಕ್ಕಳು ಎಂಥವರು ಅಂತಲೂ ನಿಮಗೆ ಗೊತ್ತು. ಅಪ್ಪ ಹೋಟೆಲಿನಲ್ಲಿ, ಅಮ್ಮ ಮನೆಗೆಲಸಕ್ಕೆ. ಕೆಲವರು ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಶಾಲೆ ಹತ್ತಿರದಲ್ಲಿಲ್ಲ, ಲೋಕಲ್ ರೈಲು ಹಿಡಿದು ಬರಬೇಕು. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಬಂದ ಮೇಲೆ ಹಲವು ವರ್ಷ ಎಂಟರ ತನಕ ಫೇಲ್ ಅನ್ನುವುದೇ ಇರಲಿಲ್ಲ, ನನ್ನ ಹೆಚ್ಚಿನ ಬ್ಯಾಚುಗಳು ಹಾಗೇ ಬಂದವು. ಒಂಬತ್ತಕ್ಕೆ ಬಂದಾಗ ಬಹುಪದಿ ಎದುರಿಗೆ ನಿಂತಿರುತ್ತದೆ, ಮೈನಸ್ ಗುರುತು ಕಂಡರೆ ಕೈ ನಡುಗುತ್ತದೆ.

ಮೊದಲ ವರ್ಷದ ನನ್ನ ನಿಯಮಪಟ್ಟಿ ಎರಡು ಪುಟ ಇತ್ತು. ಇಪ್ಪತ್ತರ ಹತ್ತಿರ ನಿಯಮ. ತಡವಾದರೆ ಹತ್ತು ರೂಪಾಯಿ, ಪುಸ್ತಕ ಮರೆತರೆ ಹತ್ತು ರೂಪಾಯಿ. ತಿಂಗಳಲ್ಲಿ ಇನ್ನೂರು ಚಿಲ್ಲರೆ ಕೂಡಿತು, ಹೋಮ್‌ವರ್ಕ್ ಮಾತ್ರ ಕೂಡಲಿಲ್ಲ. ಕುಂದಾಪುರ ಕಡೆಯ ಒಬ್ಬ ಅಪ್ಪ ಕೆಲಸ ಮುಗಿಸಿ ನೇರ ಶಾಲೆಗೇ ಬಂದರು. "ಎಂತ ಟೀಚರ್, ಇದು ಶಾಲೆಯೋ ಟ್ರಾಫಿಕ್ ಹವಾಲ್ದಾರನ ಚೌಕಿಯೋ?" ಎಂದು ಕೇಳಿದರು. ದಂಡ ಅಲ್ಲಿಗೇ ನಿಂತಿತು. ಆಮೇಲೆ ಬಹುಮಾನ ಶುರು ಮಾಡಿದೆ. ಹತ್ತು ರೂಪಾಯಿಯ ಜೆಲ್ ಪೆನ್ನು, ಒಂದು ಡಬ್ಬಿ ನನ್ನ ಕೈಯಿಂದಲೇ. ಎರಡು ವಾರದಲ್ಲಿ ಅರ್ಧ ಡಬ್ಬಿ ಖಾಲಿ. ಗೆದ್ದವರು ಯಾವಾಗಲೂ ಅದೇ ನಾಲ್ಕು ಮಕ್ಕಳು, ಪೆನ್ನು ಬೇಕಿಲ್ಲದವರು. ಉಳಿದವರು ಸುಮ್ನೆ ಚಪ್ಪಾಳೆ ತಟ್ಟುತ್ತಿದ್ದರು.

ಈಗ ನಿಯಮ ನಾಲ್ಕೇ. ಪುಸ್ತಕದ ಮೊದಲ ಪುಟದ ಹಿಂದೆ ಅವರ ಕೈಯಲ್ಲೇ ಬರೆಸುತ್ತೇನೆ, ಕೆಳಗೆ ಮನೆಯವರ ಸಹಿ ಅಥವಾ ಹೆಬ್ಬೆಟ್ಟು.

ಮೊದಲನೆಯದು ಆ ಉತ್ತರದ್ದು. ಕಾರಣ ಸರಳ. ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲೇ ಒಂದು ಪುಸ್ತಕದಿಂದ ಏಳೆಂಟು ಪುಸ್ತಕ ಹುಟ್ಟುತ್ತಿದ್ದವು. 2(ಎಕ್ಸ್ − 3) − 3(ಎಕ್ಸ್ − 5) = 4 ಅಂತ ಕೊಟ್ಟರೆ, ಬ್ರಾಕೆಟ್ ಬಿಡಿಸುವಾಗ +15 ಆಗಬೇಕಾದಲ್ಲಿ ಎಲ್ಲರದ್ದೂ −15. ಆ ದಾರಿಯಲ್ಲಿ ಹೋದರೆ ಬರಬೇಕಾದ್ದು −25. ಕೊನೇ ಸಾಲಿನಲ್ಲಿ ನೋಡಿದರೆ ಎಲ್ಲರದ್ದೂ 5! ಉತ್ತರಕ್ಕೆ ಬೆಲೆ ಇದ್ದಷ್ಟು ದಿನ ಕದಿಯುವವರೂ ಇರುತ್ತಾರೆ, ಅಲ್ವಾ? ಹಾಗಾಗಿ 5 ಅಂತ ನಾನೇ ಬರೆದುಕೊಟ್ಟೆ. ಈಗ ಮಾರ್ಕು ನಡುವಿನ ಸಾಲುಗಳಿಗೆ ಮಾತ್ರ. −25 ಬಂದರೆ ಮನೆಯಲ್ಲೇ ಗೊತ್ತಾಗುತ್ತದೆ. ಆಗ ಯಾವ ಸಾಲಿನಲ್ಲಿ ಕೆಟ್ಟಿರಬಹುದು ಅಂತ ಹುಡುಕಿ ಒಂದು ಬಾಣ ಹಾಕಿ ತರಬೇಕು. ಬಾಣ ಕೆಟ್ಟ ಸಾಲಿಗೇ ಬಿದ್ದರೆ ಪೂರ್ತಿ ಮಾರ್ಕು, ಲೆಕ್ಕ ತಪ್ಪಿದ್ದರೂ.

ಬಾಣವನ್ನೂ ಕಾಪಿ ಮಾಡಿದರು, ಮಾರಾಯ್ರೆ. ಅದಕ್ಕೂ ಒಂದು ಉಪಾಯ ಇದೆ. ಹತ್ತು ನಿಮಿಷದಲ್ಲಿ ಇಡೀ ಕ್ಲಾಸಿನ ಕಾಪಿ ಹಿಡಿಯುತ್ತೇನೆ. ಏನು ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಮಕ್ಕಳೂ ಇದನ್ನು ಓದುತ್ತಾರೆ.

ಎರಡನೆಯ ನಿಯಮ, ರಬ್ಬರ್ ಇಲ್ಲ, ವೈಟ್ನರ್ ಇಲ್ಲ. ತಪ್ಪಿದರೆ ಒಂದೇ ಗೆರೆ ಎಳೆದು ಮುಂದೆ ಹೋಗಬೇಕು. ಮನೆಯವರಿಂದ ಅತಿ ಹೆಚ್ಚು ತಕರಾರು ಬಂದದ್ದು ಇದಕ್ಕೇ. ಚೊಕ್ಕ ಪುಸ್ತಕ ಇದ್ದರೆ ಚೊಕ್ಕ ಓದು ಅಂತ ಅವರ ಲೆಕ್ಕ. ತಪಾಸಣೆಗೆ ಬಂದವರೂ ಹುಬ್ಬು ಹಾರಿಸಿದರು. ನಾನು ಜೂನ್‌ನ ಪುಟವನ್ನೂ ದೀಪಾವಳಿ ರಜೆ ಮುಗಿದ ಮೇಲಿನ ಪುಟವನ್ನೂ ಎದುರೆದುರು ಹಿಡಿದು ತೋರಿಸಿದೆ. ಮತ್ತೆ ಮಾತಾಡಲಿಲ್ಲ.

ಮೂರನೆಯದು ಮರುಪರೀಕ್ಷೆ. ಇದಕ್ಕೇ ಹೆಚ್ಚು ಒದ್ದಾಡಿದ್ದು. ಯೂನಿಟ್ ಟೆಸ್ಟಿನಲ್ಲಿ ಕಡಿಮೆ ಬಂದವರಿಗೆ ಇನ್ನೊಂದು ಅವಕಾಶ ಅಂತ ಎಲ್ಲರೂ ಮಾಡುತ್ತೇವೆ. ಮೊದಲು ಎರಡರ ಸರಾಸರಿ ತೆಗೆದೆ. ಇಪ್ಪತ್ತಕ್ಕೆ ನಾಲ್ಕು ಬಂದವನು "ಹದಿನಾಲ್ಕು ತೆಗೆದರೂ ಒಂಬತ್ತೇ ತಾನೆ ಟೀಚರ್" ಅಂತ ಬರಲೇ ಇಲ್ಲ. ಅವನ ಲೆಕ್ಕ ಸರಿಯಾಗೇ ಇತ್ತು. ಮುಂದಿನ ವರ್ಷ ಎರಡರಲ್ಲಿ ಜಾಸ್ತಿ ಬಂದದ್ದು ಗಟ್ಟಿ ಎಂದೆ. ಮೊದಲ ಟೆಸ್ಟಿಗೆ ಅರ್ಧ ಕ್ಲಾಸು ಓದದೇ ಬಂತು, ಹೇಗೂ ಇನ್ನೊಂದಿದೆಯಲ್ಲ ಅಂತ. ಖಾಲಿ ಹಾಳೆಗಳ ಕಟ್ಟು ಹಿಡಿದು ಮನೆಗೆ ಹೋದೆ.

ಈಗ ಮರುಪರೀಕ್ಷೆಗೆ ಟಿಕೆಟ್ ಬೇಕು. ಟಿಕೆಟ್ ಅಂದರೆ ಕಾಲು ಹಾಳೆ. ಅದರಲ್ಲಿ ಮೊದಲ ಟೆಸ್ಟಿನ ತನ್ನ ತಪ್ಪು ಸಾಲು, ಅದು ಯಾಕೆ ತಪ್ಪು ಅನ್ನುವ ಒಂದು ವಾಕ್ಯ, ಸರಿ ಮಾಡಿದ ಲೆಕ್ಕ. ಬಿಟ್ಟುಬಂದ ಪ್ರಶ್ನೆಗೆ ಟಿಕೆಟ್ ಇಲ್ಲ. ತಪ್ಪೇ ಬರೆಯದವನು ಯಾವ ತಪ್ಪು ತೋರಿಸುತ್ತಾನೆ? ಈ ಒಂದು ಷರತ್ತು ಸೇರಿಸಿದ್ದೇ ತಡ, ಖಾಲಿ ಹಾಳೆ ನಿಂತಿತು. ಎರಡು ಸಾಲಾದರೂ ಬರೆಯಲೇಬೇಕಾಯಿತು.

ಹತ್ತನೆಯ ಬೋರ್ಡ್ ಪರೀಕ್ಷೆಯಲ್ಲಿ ಇದರ ಲಾಭ ಎಲ್ಲಿ ಸಿಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ನಲವತ್ತು ಮಾರ್ಕಿನಲ್ಲಿ ಬಹು ಆಯ್ಕೆಯ ಪ್ರಶ್ನೆಗಳು ನಾಲ್ಕೇ ಮಾರ್ಕಿಗೆ. ಅರ್ಧ ಬಿಡಿಸಿದ ಲೆಕ್ಕದ ಖಾಲಿ ಚೌಕ ತುಂಬುವ ಪ್ರಶ್ನೆಗಳು, ಅಂದರೆ ಕೃತಿಗಳು, ನಾಲ್ಕು ಮತ್ತು ಮೂರು, ಏಳು ಮಾರ್ಕು. ಆ ಚೌಕಗಳೆಲ್ಲ ನಡುವಿನ ಸಾಲುಗಳೇ. ಉಳಿದದ್ದರಲ್ಲೂ ಹಂತಹಂತಕ್ಕೆ ಮಾರ್ಕು. ಸಮೀಕರಣ ಬಿಡಿಸಲು ಬೇಕಾದ ಡಿಟರ್ಮಿನೆಂಟ್ (ನಿರ್ಧಾರಕ) ಬರೆದು ನಿಲ್ಲಿಸಿದವನಿಗೂ ಏನೋ ಬೀಳುತ್ತದೆ, ಬಿಟ್ಟುಬಂದವನಿಗೆ ಸೊನ್ನೆ.

ನಾಲ್ಕನೆಯದು ಬೇಗ ಹೇಳಿ ಮುಗಿಸುತ್ತೇನೆ. ತಡವಾಗಿ ಬಂದವರು ಬಾಗಿಲಲ್ಲಿ ನಿಲ್ಲಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡಿನ ಮೂರನೇ ಲೆಕ್ಕದಿಂದ ಶುರು ಮಾಡಬೇಕು. ಜುಲೈಯಲ್ಲಿ ಹಳಿ ಮೇಲೆ ನೀರು ನಿಂತರೆ ಮಗು ಏನು ಮಾಡೀತು? ಬಾಗಿಲ ಪಂಚಾಯಿತಿಯಲ್ಲಿ ನನ್ನದೇ ಐದು ನಿಮಿಷ ಹೋಗುತ್ತಿತ್ತು.

ನಡುವೆ ಮಾಡಿದ ಬೇರೆ ಕಸರತ್ತುಗಳೂ ಇವೆ. ಎ4 ಹಾಳೆ ಲ್ಯಾಮಿನೇಟ್ ಮಾಡಿಸಿ ಎಲ್ಲರ ಕೈಗೂ ಒಂದು ಪುಟ್ಟ ಬೋರ್ಡ್ ಕೊಟ್ಟೆ. ಒಂದಕ್ಕೆ ಇಪ್ಪತ್ತು ರೂಪಾಯಿಯಂತೆ, ಮಾರ್ಕರ್ ಸೇರಿ ಸಾವಿರದ ಮುನ್ನೂರು, ನಾನ್ನೂರು ಹೋಯಿತು. ಚೆನ್ನಾಗಿ ನಡೆಯಿತು, ಮಾರ್ಕರ್ ಒಣಗುವ ತನಕ. ಆಮೇಲೆ ಹಳೇ ಸ್ಲೇಟು ತಂದೆ. ಬಳಪ ಒಣಗುವುದಿಲ್ಲ.

ಇನ್ನೊಂದು ಸಲ ಕೊಟ್ಟ ಐದು ಉತ್ತರಗಳಲ್ಲಿ ಒಂದನ್ನು ಬೇಕೆಂದೇ ತಪ್ಪು ಬರೆದೆ, ಹುಡುಕಲಿ ಅಂತ. ಜಾಣರಿಗೆ ಖುಷಿಯೋ ಖುಷಿ. ಉಳಿದವರು ಬಾಣ ಹಾಕುವುದನ್ನೇ ಬಿಟ್ಟರು. ಉತ್ತರ ಕೂಡದಿದ್ದಾಗಲೆಲ್ಲ "ಇದೇ ನಿಮ್ಮ ತಪ್ಪು ಉತ್ತರ ಟೀಚರ್" ಎಂದರು. ವಾರದಲ್ಲೇ ನಿಲ್ಲಿಸಿದೆ.

ಗೆದ್ದದ್ದು ಹೋಟೆಲ್ ಬಿಲ್ಲು. ಆರ್ಥಿಕ ಯೋಜನೆ ಪಾಠದ ಜಿಎಸ್‌ಟಿಗೆ ಮನೆಯಿಂದ ಬಿಲ್ಲು ತರಲು ಹೇಳಿದೆ. ನಮ್ಮ ಮಕ್ಕಳಿಗೆ ಅದಕ್ಕೇನು ಬರ? ಸಾದಾ ಹೋಟೆಲಿಗೆ ಕೇಂದ್ರದ್ದು ಎರಡೂವರೆ, ರಾಜ್ಯದ್ದು ಎರಡೂವರೆ, ಒಟ್ಟು ಐದು ಪರ್ಸೆಂಟ್. ಒಟ್ಟು 420ರ ಬಿಲ್ಲಿನ ಮೂಲ ಬೆಲೆ ಎಷ್ಟು ಅಂದೆ. ಅರ್ಧ ಕ್ಲಾಸು 420ರ ಐದು ಪರ್ಸೆಂಟ್ 21 ಕಳೆದು 399 ಎಂದಿತು. ಹಿಂದಿನ ಬೆಂಚಿನ ಒಬ್ಬಳು, ಅವಳ ಅಪ್ಪ ಕ್ಯಾಷಿಯರ್, "ನಾನ್ನೂರು ಟೀಚರ್, ಹತ್ತು ಹತ್ತು ಟ್ಯಾಕ್ಸು" ಅಂದಳು. ಬೋರ್ಡಿಗೆ ಕರೆದೆ. 105 ಭಾಗಿಸು 100, ಗುಣಿಸು ಎಕ್ಸ್, ಸಮ 420 ಅಂತ ತಾನೇ ಬರೆದಳು. ಅದುವರೆಗೆ ಅವಳ ಟಿಕೆಟ್‌ಗಳೇ ನನ್ನ ಹತ್ತಿರ ಜಾಸ್ತಿ ಇದ್ದವು.

ದುಡ್ಡಿನ ವಿಷಯ. ಟಿಕೆಟ್ ಮೊದಲು ಜೆರಾಕ್ಸ್ ಮಾಡಿಸುತ್ತಿದ್ದೆ, ಪ್ರಶ್ನೆಪತ್ರಿಕೆಯೂ ಸೇರಿ ವರ್ಷಕ್ಕೆ ಎರಡೂವರೆ ಸಾವಿರದ ಮೇಲೆ ನನ್ನ ಪರ್ಸಿನಿಂದಲೇ. ಈಗ ಹಳೇ ಉತ್ತರಪತ್ರಿಕೆಗಳ ಖಾಲಿ ಬದಿಯನ್ನು ನಾಲ್ಕು ತುಂಡು ಮಾಡುತ್ತೇವೆ. ಲಾಂಗ್‌ಬುಕ್ಕನ್ನು ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ ಡಜನ್ ಲೆಕ್ಕದಲ್ಲಿ ತರುತ್ತೇನೆ, ಬಿಡಿಯಾಗಿ ಕೊಳ್ಳುವುದಕ್ಕಿಂತ ಒಂದಕ್ಕೆ ಹದಿನೈದಿಪ್ಪತ್ತು ಉಳಿಯುತ್ತದೆ. ಈಗ ವರ್ಷಕ್ಕೆ ಎಂಟುನೂರು, ಒಂಬೈನೂರರಲ್ಲಿ ಮುಗಿಯುತ್ತದೆ.

ಮರುಪರೀಕ್ಷೆ ಶನಿವಾರ ಶಾಲೆ ಬಿಟ್ಟ ಮೇಲೆ. ಭಾನುವಾರ ಇಟ್ಟು ನೋಡಿದ್ದೆ, ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೆ ನಾನೇ ತಲುಪುವುದಿಲ್ಲ.

ಫಲ ಏನು ಅಂತ ಕೇಳುತ್ತೀರಿ. ಹಿಂದೆಲ್ಲ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಬೋರ್ಡಿಗೆ ಮುಂಚಿನ ಪ್ರಿಲಿಮ್ ಪರೀಕ್ಷೆಗೆ ಬೀಜಗಣಿತದಲ್ಲಿ ಹತ್ತು, ಹನ್ನೊಂದು ಜನ ಮುಳುಗುತ್ತಿದ್ದರು. ಕಳೆದ ಬ್ಯಾಚಿನಲ್ಲಿ ಇಬ್ಬರೋ ಮೂವರೋ. ಬೋರ್ಡ್ ಪರೀಕ್ಷೆಯಲ್ಲಿ ಗಣಿತದಲ್ಲಿ ಯಾರೂ ಫೇಲ್ ಆಗಲಿಲ್ಲ. ಪಕ್ಕದ ಇಂಗ್ಲಿಷ್ ಮಾಧ್ಯಮದವರು ಬಂದು ಟಿಕೆಟಿನ ನಮೂನೆ ಕೇಳಿಕೊಂಡು ಹೋದರು. ಕೊಟ್ಟೆ, ಸ್ವಲ್ಪ ಬಿಂಕದಿಂದಲೇ.

ಶಾಬ್ದಿಕ ಲೆಕ್ಕಕ್ಕೆ ಮಾತ್ರ ಈ ಪದ್ಧತಿ ಇನ್ನೂ ಕೂತಿಲ್ಲ. ಎರಡು ಕ್ರಮಾಗತ ಸ್ವಾಭಾವಿಕ ಸಂಖ್ಯೆಗಳ ಗುಣಲಬ್ಧ 132 ಅಂದು, 11 ಮತ್ತು 12 ಅಂತ ಉತ್ತರ ಕೊಟ್ಟರೆ ಸಮೀಕರಣವನ್ನು ಯಾರು ಬರೆಯುತ್ತಾರೆ? ಹನ್ನೊಂದು ಹನ್ನೆರಡಲಿ ನೂರ ಮೂವತ್ತೆರಡು ಅಂತ ಮಗ್ಗಿ ಬರೆದು ತರುತ್ತಾರೆ. ಹಾಗಾಗಿ ಅಲ್ಲಿ ಉತ್ತರದ ಬದಲು ಸಮೀಕರಣ ಕೊಟ್ಟು, ಎಕ್ಸ್ ಅಂದರೆ ಏನು ಅಂತ ಬರೆಯಲು ಹೇಳುತ್ತಿದ್ದೇನೆ. ಎಕ್ಸ್ ಅಂದರೆ ಚಿಕ್ಕ ಸಂಖ್ಯೆ ಅಂತ ಅರ್ಧ ಜನ ಬರೆಯುತ್ತಾರೆ. ಉಳಿದವರು ಎಕ್ಸ್ ಅಂದರೆ ಉತ್ತರ ಅಂತ ಬರೆದು ಕೊಡುತ್ತಾರೆ. ಇದಕ್ಕೆ ನಿಮ್ಮಲ್ಲಿ ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ, ಕಾಪಿ ಹಿಡಿಯುವ ಉಪಾಯವನ್ನು ಬದಲಿಗೆ ಹೇಳುತ್ತೇನೆ.